ಗಂಟೆಯ ನಾಲಿಗೆ

ಮಡಚಿದ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಗೋಡೆಗೆ ಸೇರಿಸಿ ಇಡುತ್ತಲೇ ಮಗಳು ಅಮ್ಮನ ಮಡಿಲ ಮೇಲೆ ಕಣ್ಣಿಟ್ಟಿದ್ದಳು. ಅಪ್ಪನ ಹೆಣದ ತಲೆಯ ಪಕ್ಕದಲ್ಲಿ ಒಂದು ಮೋಟು ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು. ಮಡಿಲಲ್ಲಿ, ಶಾಲಿನ ಒಳಗೆ, ಅಪ್ಪನ ಹಿತ್ತಾಳೆ ಕೈಗಂಟೆ. ನಿನ್ನೆ ಸಂಜೆ ಕೈಗೆ ತೆಗೆದುಕೊಂಡದ್ದನ್ನು ಇನ್ನೂ ಕೆಳಗಿಟ್ಟಿಲ್ಲ. ಬಚ್ಚಲಿಗೆ ಹೋಗುವಾಗಲೂ ಕಂಕುಳಲ್ಲಿ ಇರುಕಿಕೊಂಡೇ ಹೋಗಿ ಬಂದಿದ್ದಳು.

"ಕೊಡಮ್ಮ, ಅದನ್ನ ಮೇಲಿಡ್ತೀನಿ. ಕೈ ನೋಯತ್ತೆ ನಿಂಗೆ."

"ಇರ್ಲಿ ಬಿಡೇ. ಅದೇನು ನಿನ್ನನ್ನ ಅನ್ನ ಕೇಳ್ತಾ ಇದ್ಯಾ?"

ಮಗಳು ಇನ್ನೊಂದು ಕುರ್ಚಿ ಬಿಡಿಸಿದಳು. ಬೆರಳು ಸಿಕ್ಕಿಕೊಂಡಿತು. ನೋವಾದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಬಂದಳು, ಅಪ್ಪನ ಒಬ್ಬಳೇ ತಂಗಿ. ಬೀದಿಯ ತಿರುವಿನಿಂದಲೇ ಅಳುತ್ತಾ ಬಂದವಳು ಅಣ್ಣನ ಮುಖ ನೋಡಿದ ಮೇಲೆ ಅಳುವುದನ್ನು ಮರೆತು ನಿಂತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು ಪ್ರಶ್ನೆಗಳನ್ನು ಶುರು ಮಾಡಿದಳು. ಸಾವಿನ ಮನೆಯಲ್ಲಿ ಕುರ್ಚಿಗೆ ಬರ ಬಂದೀತು, ಪ್ರಶ್ನೆಗೆ ಬರವಿಲ್ಲ.

"ಏನು ಅತ್ತಿಗೆ ಇದು? ಎದೆ ಕುಯ್ದು ಎಲ್ಲಾ ಸರಿ ಮಾಡಿದ್ದಾರೆ ಅಂದ್ರಲ್ಲ. ಸರಿ ಮಾಡಿದ್ಮೇಲೂ ಹಾರ್ಟ್ ಅಟ್ಯಾಕ್ ಆಗತ್ತಾ? ಮತ್ತೆ ಕುಯ್ದಿದ್ದಾದ್ರೂ ಯಾಕೆ?"

ಅಮ್ಮ ತಲೆ ತಗ್ಗಿಸಿ ಶಾಲಿನ ಅಂಚು ಸರಿಮಾಡಿಕೊಂಡಳು. ಮಗಳೇ ಹೇಳಬೇಕಾಯಿತು.

"ಆಗತ್ತಂತೆ ಅತ್ತೆ. ಡಾಕ್ಟ್ರು ಮೊದ್ಲೇ ಹೇಳಿದ್ರು. ಕಾಲಿಂದ ನರ ತೆಗೆದು ಹೃದಯಕ್ಕೆ ಜೋಡಿಸಿರ್ತಾರಲ್ಲ, ಕೆಲವರಿಗೆ ಅದೇ ಮುಚ್ಕೊಂಡುಬಿಡತ್ತೆ. ಆಗ ಮತ್ತೆ ಅಟ್ಯಾಕ್ ಆಗತ್ತೆ. ತಕ್ಷಣ ಗೊತ್ತಾದ್ರೆ..." ಮಗಳು ಅಲ್ಲೇ ನಿಲ್ಲಿಸಿದಳು.

"ಗೊತ್ತಾದ್ರೆ?"

"ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಏನಾದ್ರೂ ಮಾಡಬಹುದು ಅಂದಿದ್ರು."

"ಅಯ್ಯೋ ದೇವರೇ! ಹಾಗಾದ್ರೆ ಅಣ್ಣ ಕರೀಲೇ ಇಲ್ವಾ? ಅಷ್ಟು ದೊಡ್ಡ ಗಂಟೆ ಪಕ್ಕದಲ್ಲಿಟ್ಕೊಂಡು?"

ಈಗ ಅಮ್ಮ ತಲೆಯೆತ್ತಿದಳು. "ಬಾರಿಸ್ಲಿಲ್ಲ. ನಾನು ಔಷಧಿ ಅಂಗಡಿಗೆ ಹೋಗಿದ್ದೆ, ಇವಳು ಪಕ್ಕದ ಕೋಣೇಲೇ ಮಲಗಿದ್ಲು. ಒಂದು ಸದ್ದೂ ಆಗ್ಲಿಲ್ಲ ಅಂದ್ಲು. ನಿದ್ದೇಲೇ ಹೋಗ್ಬಿಟ್ರು."

"ನಿದ್ದೇಲೇ ಹೋದ್ನಾ?" ಅತ್ತೆಯ ಮುಖ ಸಡಿಲವಾಯಿತು. "ಹಾಗಾದ್ರೆ ಪುಣ್ಯವಂತ ಬಿಡು. ಒದ್ದಾಡ್ಲಿಲ್ಲ, ಯಾರನ್ನೂ ಕೂಗ್ಲಿಲ್ಲ. ಅಷ್ಟಾದ್ರೂ ಸಮಾಧಾನ." ಅವಳು ಅಣ್ಣನ ಮಗಳ ಬೆನ್ನು ಸವರಿದಳು. "ನೀನು ಪಕ್ಕದಲ್ಲೇ ಇದ್ಯಲ್ಲ ಮಗಳೇ, ಅದೇ ದೊಡ್ಡದು."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಮಗಳಿಗೆ. ಅಪ್ಪ ಗಂಟೆ ಬಾರಿಸಿದ್ದ. ಸದ್ದಾಗಲಿಲ್ಲ ಅಷ್ಟೇ. ಬೇಕರಿಯಲ್ಲಿ ಅವಳು ತಲೆಗೆ ಹಾಕಿಕೊಳ್ಳುವ ಬಿಳಿ ಬಟ್ಟೆಯ ಟೋಪಿ ಗಂಟೆಯ ನಾಲಿಗೆಗೆ ಸುತ್ತಿಕೊಂಡಿತ್ತು. ಸುತ್ತಿ ತುರುಕಿದವಳು ಅವಳೇ. ಅದು ಈಗಲೂ ಅಲ್ಲೇ ಇತ್ತು, ಅಮ್ಮನ ಮಡಿಲಲ್ಲಿ.

*

ಅಪ್ಪನಿಗೆ ಒಂದು ಹೆಸರಿತ್ತು. ಆದರೆ ಅದು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಿರುತ್ತಿರಲಿಲ್ಲ. ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದುದರಿಂದ ಎಲ್ಲರಿಗೂ ಗಂಟೆ ಮಾಮ. ಶಾಲೆಯ ಉದ್ದನೆಯ ಮೊಗಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ಗಂಟೆ ಆಡಿಸುತ್ತಾ ನಡೆಯುವುದು, ನಡುವೆ ಕಸ ಗುಡಿಸುವುದು, ಸೀಮೆಸುಣ್ಣ ಹಂಚುವುದು, ಬಿದ್ದು ಮಂಡಿ ತರಚಿಕೊಂಡವರಿಗೆ ಔಷಧಿ ಹಚ್ಚುವುದು, ಇದೇ ಅವನ ಕೆಲಸ. ಪಾಠ ಬದಲಾಗಲು ಗಿಡ್ಡ ಗಂಟೆ. ಊಟಕ್ಕೆ ಎರಡು ಸಲ ಗಿಡ್ಡ ಗಂಟೆ. ಶಾಲೆ ಬಿಡಲು ಉದ್ದ ಗಂಟೆ, ಕೈ ಸೋಲುವವರೆಗೆ. "ಆ ಗಂಟೆ ಬಾರಿಸುವಾಗ ನೋಡ್ಬೇಕು ಮುಖಗಳನ್ನ," ಎನ್ನುತ್ತಿದ್ದ. "ಹೆಡ್‌ಮಾಸ್ತರನ್ನ ಕಂಡ್ರೆ ಒಬ್ರಿಗೂ ಆಗಲ್ಲ. ನನ್ನನ್ನ ಕಂಡ್ರೆ ಇಡೀ ಶಾಲೆ ಕುಣಿಯತ್ತೆ. ಯಾರು ದೊಡ್ಡವರು ಹೇಳು?"

ಕೊನೆಗೆ ಶಾಲೆಗೆ ಕರೆಂಟಿನ ಗಂಟೆ ಬಂತು. ಅದನ್ನು ಕೂರಿಸಿದವನು ಪಕ್ಕದ ಮನೆಯ ಕರೆಂಟಿನವನೇ, ಗಂಟೆ ಮಾಮನ ಕೈಯಲ್ಲಿ ಮಂಡಿಗೆ ಔಷಧಿ ಹಚ್ಚಿಸಿಕೊಂಡು ಬೆಳೆದವನು. ಅದಾದ ಮೇಲೆ ಅಪ್ಪ ಸ್ವಿಚ್ ಒತ್ತುವ ಕೆಲಸ ಮಾಡಿದ. "ಇದೇನು ಗಂಟೆಯಾ? ನೊಣ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಅನ್ನತ್ತೆ," ಎಂದು ಬೈದುಕೊಂಡೇ ನಿವೃತ್ತನಾದ. ಬೀಳ್ಕೊಡುವ ದಿನ ಹೆಡ್‌ಮಾಸ್ತರು ಹಳೆಯ ಕೈಗಂಟೆಯನ್ನು ಅವನಿಗೇ ಕೊಟ್ಟು ಕಳಿಸಿದರು. ಅಮ್ಮ ಅದನ್ನು ಪಾತ್ರೆಗಳ ಹಿಂದೆ ಇಟ್ಟು ಮರೆತಿದ್ದಳು.

ಮತ್ತೆ ಅದು ಹೊರಗೆ ಬಂದದ್ದು ಆಪರೇಷನ್ ಆದ ಮೇಲೆ. ಎದೆಯ ಮೂಳೆಯನ್ನು ಸೀಳಿ ತಂತಿ ಹಾಕಿ ಸೇರಿಸಿದ್ದರು. ಜೋರಾಗಿ ಕೂಗುವಂತಿಲ್ಲ, ಕೈ ಊರಿ ಏಳುವಂತಿಲ್ಲ. ಕೆಮ್ಮು ಬಂದರೆ ಒಂದು ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಮನೆಗೆ ಕಳಿಸುವಾಗ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಗಾಯದ ನೋವು ಇದ್ದೇ ಇರತ್ತೆ. ಬೇರೆ ಥರ ನೋವು, ಬೆವರು, ಉಸಿರು ಕಟ್ಟೋದು ಏನಾದ್ರೂ ಆದ್ರೆ ಅವರು ಕರೀಬೇಕು, ನೀವು ಓಡಬೇಕು. ಸುಮ್ಮಸುಮ್ಮನೆ ಕರೆದ್ರೂ ಪರವಾಗಿಲ್ಲ."

ಗಂಟೆ ತಂದುಕೊಟ್ಟವಳು ಮಗಳೇ. ಅಪ್ಪನ ಕಣ್ಣಿಗೆ ಹಬ್ಬವಾಯಿತು.

ಅಲ್ಲಿಂದ ಮನೆಯಲ್ಲಿ ಶಾಲೆ ಶುರುವಾಯಿತು. ನೀರಿಗೆ ಗಂಟೆ. ಫ್ಯಾನ್ ಹಾಕಲು ಗಂಟೆ, ಆರಿಸಲು ಗಂಟೆ. ಹೊರಗೆ ಯಾರು ಬಂದರು ಎಂದು ಕೇಳಲು ಗಂಟೆ. ಒಂದು ಸಲ ಅಮ್ಮ ಒಲೆಯ ಮೇಲಿನ ಹಾಲು ಬಿಟ್ಟು ಏದುಸಿರು ಬಿಡುತ್ತಾ ಓಡಿಹೋದರೆ, ಅಪ್ಪ ಗಂಭೀರವಾಗಿ, "ಏನಿಲ್ಲ ಕಣೇ, ಮೂರನೇ ಪೀರಿಯಡ್ ಮುಗೀತು," ಅಂದಿದ್ದ. ಹಾಲು ಉಕ್ಕಿ ಒಲೆ ಆರಿತ್ತು. ಮಗಳು ನಸುಕಿಗೆ ಮುಂಚೆ ಬೇಕರಿಗೆ ಹೋಗಿ ಒಲೆಯ ಮುಂದೆ ಬೆಂದು ಮಧ್ಯಾಹ್ನ ಬಂದು ಮಲಗುವವಳು. ಅವಳ ಕಣ್ಣು ಹತ್ತುವುದಕ್ಕೂ ಅಪ್ಪನ ಗಂಟೆಗೂ ಏನೋ ಒಪ್ಪಂದ ಇದ್ದ ಹಾಗಿತ್ತು. ಮಗಳು ಎದ್ದು ಹೋದರೆ ಅಪ್ಪ ನಾಚಿಕೊಂಡವನಂತೆ ನಗುತ್ತಿದ್ದ. "ಏನಿಲ್ಲ, ಮನೇಲಿ ಯಾರಾದ್ರೂ ಇದ್ದಾರಾ ಅಂತ ನೋಡ್ದೆ."

ಹೆದರಿದ್ದ ಅವನು. ಅದನ್ನು ಹೇಳಲು ಅವನಿಗೆ ಬರುತ್ತಿರಲಿಲ್ಲ, ಗಂಟೆ ಬಾರಿಸಲು ಬರುತ್ತಿತ್ತು. ಇದು ಮಗಳಿಗೆ ಈಗ, ಕುರ್ಚಿಗಳನ್ನು ಸಾಲಾಗಿ ಇಡುವಾಗ ಹೊಳೆಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

*

ಹೆಡ್‌ಮಾಸ್ತರು ಬಂದಾಗ ಕೂತಿದ್ದವರೆಲ್ಲ ಎದ್ದು ನಿಂತರು. ಅವರೂ ನಿವೃತ್ತರಾಗಿ ಬಹಳ ಕಾಲವಾಗಿತ್ತು, ಕೋಲು ಹಿಡಿದು ನಡೆಯುತ್ತಿದ್ದರು. ಆದರೂ ಅಲ್ಲಿದ್ದ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ಅವರು ಅಪ್ಪನ ಮುಖ ನೋಡಿದರು.

"ಈ ಮನುಷ್ಯ ನನಗಿಂತ ಮುಂಚೆ ಹೋಗಿದ್ದು ಇದೇ ಮೊದಲು," ಎಂದರು. "ಶಾಲೆ ಬಿಟ್ಟ ಮೇಲೂ ನಾನು ಹೊರಡೋವರೆಗೂ ಗೇಟಿನ ಹತ್ರ ನಿಂತಿರ್ತಿದ್ದ."

ಆಮೇಲೆ ಅಮ್ಮನ ಕಡೆ ಬಗ್ಗಿದರು. "ತಾಯಿ, ಒಂದು ಮಾತು. ತಪ್ಪು ತಿಳೀಬೇಡಿ. ಗಾಡಿ ಹೊರಡುವಾಗ ಅವನ ಗಂಟೆ ಬಾರಿಸೋಣ ಅಂತ. ಉದ್ದ ಗಂಟೆ. ಅಷ್ಟು ವರ್ಷ ಎಲ್ಲರನ್ನೂ ಮನೆಗೆ ಕಳಿಸಿದವನು, ಅವನನ್ನ ಸುಮ್ಮನೆ ಕಳಿಸೋದು ಬೇಡ."

"ಬಹಳ ಚೆನ್ನಾಗಿರತ್ತೆ ಸಾರ್!" ಎಂದ ಕರೆಂಟಿನವನು. ಅವನ ಕಣ್ಣು ಕೆಂಪಾಗಿತ್ತು. "ಆ ಕರೆಂಟ್ ಗಂಟೆ ಹಾಕಿದ ದಿನದಿಂದ ಮಾಮ ನನ್ನ ಹತ್ರ ಸರಿಯಾಗಿ ಮಾತೇ ಆಡ್ತಿರ್ಲಿಲ್ಲ. ನಾನೇ ಬಾರಿಸ್ಲಾ?"

"ನೀನ್ಯಾಕಪ್ಪಾ? ಮಗಳಿದ್ದಾಳಲ್ಲ. ಮಗಳು ಬಾರಿಸ್ಲಿ," ಎಂದಳು ಅತ್ತೆ.

ಎಲ್ಲರೂ ಮಗಳ ಕಡೆ ನೋಡಿದರು. ಬಾರಿಸಿದರೆ ಸದ್ದಾಗುವುದಿಲ್ಲ. ಸದ್ದಾಗದಿದ್ದರೆ ಕರೆಂಟಿನವನು ಸುಮ್ಮನಿರುವ ಪ್ರಾಣಿಯಲ್ಲ, ಗಂಟೆಯನ್ನು ತಿರುಗಿಸಿ ಒಳಗೆ ಕೈ ಹಾಕುತ್ತಾನೆ. ಇಡೀ ಬೀದಿ ನಿತ್ಯ ನೋಡುವ ಟೋಪಿ ಅದು. ಹೋಗಲಿ, ಬೀದಿ ಏನಾದರೂ ಅಂದುಕೊಳ್ಳಲಿ. ಅಮ್ಮ? ನಿದ್ದೆಯಲ್ಲೇ ಹೋದರು ಎಂಬ ಒಂದೇ ಒಂದು ಮಾತನ್ನು ಹಿಡಿದುಕೊಂಡು ಕೂತಿದ್ದಾಳೆ. ಆ ಟೋಪಿ ಹೊರಬಂದರೆ ಅದೂ ಹೋಯಿತು.

"ಕೊಡಮ್ಮ," ಎಂದು ಅವಳು ಬಗ್ಗಿ ಕೈ ಚಾಚಿದಳು. "ಹೊಳಪೇ ಇಲ್ಲ ಅದಕ್ಕೆ. ಒಳಗೆ ಹೋಗಿ ಸ್ವಲ್ಪ ಉಜ್ಜಿ ತರ್ತೀನಿ."

"ಹೊಳಪು ಯಾರಿಗೆ ಬೇಕಾಗಿದೆ?"

"ಧೂಳು ಕೂತಿದೆ ಅಮ್ಮ."

"ಕೂತಿರ್ಲಿ," ಎಂದಳು ಅಮ್ಮ. ಶಾಲನ್ನು ಇನ್ನೊಂದು ಸುತ್ತು ಎಳೆದುಕೊಂಡಳು. "ಹೊತ್ತು ಬಂದಾಗ ಕೊಡ್ತೀನಿ. ಹೋಗು, ಮಾಸ್ತರಿಗೆ ನೀರು ತಂದುಕೊಡು."

*

ನಿನ್ನೆ ಊಟದ ಹೊತ್ತಿಗೆ ಅಪ್ಪ ಖುಷಿಯಾಗಿದ್ದ. ಆಪರೇಷನ್ ಆದ ಮೇಲೆ ಮೊದಲ ಬಾರಿ ತಟ್ಟೆ ಖಾಲಿ ಮಾಡಿದ್ದ. ಊಟ ಮುಗಿದ ಮೇಲೂ ಸುಮ್ಮನಿರದೆ ಗಂಟೆ ಬಾರಿಸಿದ. ಅಮ್ಮ ಹೋದಳು: ದಿಂಬು ಸರಿ ಮಾಡಬೇಕಂತೆ. ಮತ್ತೆ ಗಂಟೆ. ಮಗಳು ಹೋದಳು: ಕಿಟಕಿ ತೆಗೆಯಬೇಕಂತೆ. ಮತ್ತೆ ಗಂಟೆ: ಕಿಟಕಿ ಮುಚ್ಚಬೇಕಂತೆ, ಬಿಸಿಲು.

"ತಲೆ ಚಿಟ್ಟು ಹಿಡೀತು ನಂಗೆ!" ಎಂದಳು ಅಮ್ಮ ಅಡುಗೆಮನೆಯಲ್ಲಿ, ಕೈಚೀಲ ಹುಡುಕುತ್ತಾ. "ಬಾಯಿ ಮುಚ್ಚಿಸಬಹುದು ಈ ಮನುಷ್ಯಂದು, ಗಂಟೆ ಬಾಯಿ ಮುಚ್ಚಿಸೋಕಾಗಲ್ಲ. ಆ ಗಂಟೆ ಬಾಯಿಗೆ ಒಂದು ಬಟ್ಟೆ ತುರುಕೇ ನೀನು!"

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಒಳಗಿಂದ ಮತ್ತೆ ಗಂಟೆ. ಇಬ್ಬರೂ ಇನ್ನಷ್ಟು ನಕ್ಕರು. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಔಷಧಿ ಅಂಗಡಿಗೆ ಹೊರಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಆಡಿ ಹೋದಳು. ಮಾಡಿದ್ದು ಮಗಳು. ಅವಳು ಅಪ್ಪನ ಕೋಣೆಗೆ ಹೋದಾಗ ಅವನು ದಿಂಬು ಅವುಚಿಕೊಂಡು ಕಣ್ಣು ಮುಚ್ಚಿದ್ದ. ಅವಳ ತಲೆಯಲ್ಲಿ ಇನ್ನೂ ಬೇಕರಿ ಟೋಪಿ ಇತ್ತು, ತೆಗೆಯಲೂ ಪುರುಸೊತ್ತು ಕೊಟ್ಟಿರಲಿಲ್ಲ ಆ ಗಂಟೆ. ಅದನ್ನು ಕಿತ್ತು ನಾಲಿಗೆಗೆ ಸುತ್ತಿ ಒಳಗೆ ಒತ್ತಿ, ಗಂಟೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು. ಒಂದೇ ಒಂದು ನಿದ್ದೆ, ಅಮ್ಮ ಬರುವವರೆಗೆ ಮಾತ್ರ ಅಂದುಕೊಂಡಳು. ಕೋಪದಲ್ಲೇನೂ ಮಾಡಲಿಲ್ಲ. ಎದ್ದ ಮೇಲೆ ಅಪ್ಪನಿಗೆ ತೋರಿಸಿ, "ಹೇಗೆ, ನಿಮ್ಮ ಶಾಲೆಗೆ ರಜೆ ಕೊಟ್ಟೆ," ಎಂದು ರೇಗಿಸಬೇಕು ಅಂತಲೂ ಇತ್ತು.

ಸತ್ತಂತೆ ನಿದ್ದೆ ಮಾಡಿದಳು. ಎದ್ದಾಗ ಮನೆ ಸದ್ದಿಲ್ಲದೆ ಇತ್ತು. ಎಷ್ಟು ಚೆನ್ನಾಗಿದೆ ಅಂತ ಒಂದು ಕ್ಷಣ ಅನ್ನಿಸಿತ್ತು. ಆ ಒಂದು ಕ್ಷಣವನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತಿತ್ತು.

ಅಪ್ಪ ಅರ್ಧ ಎದ್ದು ಗೋಡೆಗೆ ಒರಗಿದ್ದ. ಅಂಗಿಯ ಕೊರಳು ಬೆವರಿಗೆ ಒದ್ದೆಯಾಗಿತ್ತು. ದಿಂಬು ನೆಲದ ಮೇಲೆ ಬಿದ್ದಿತ್ತು. ಗಂಟೆ ಅವನ ತೊಡೆಗಳ ನಡುವೆ ಬಾಯಿ ಮೇಲಾಗಿ ಇತ್ತು, ಒಂದು ಕೈ ಅದರ ಒಳಗೆ. ಟೋಪಿಯ ಅಂಚು ಹೊರಗೆ ಬಂದಿತ್ತು. ಎಳೆಯಲು ನೋಡಿದ್ದ. ಪೂರ್ತಿ ಬಂದಿರಲಿಲ್ಲ.

ಕರೆದಳು, ಅಲುಗಾಡಿಸಿದಳು, ಮೂಗಿನ ಹತ್ತಿರ ಕೈ ಹಿಡಿದಳು. ಕೈಕಾಲು ಆಗಲೇ ತಣ್ಣಗಾಗಿದ್ದವು. ಅಷ್ಟರಲ್ಲಿ ಹೊರಬಾಗಿಲ ಚಿಲಕದ ಸದ್ದು, ಅಮ್ಮನ ಚಪ್ಪಲಿಯ ಸದ್ದು. ಮಗಳು ಗಂಟೆಯನ್ನು ಅಪ್ಪನ ಕೈಯಿಂದ ಬಿಡಿಸಿದಳು. ಟೋಪಿಯನ್ನು ಎಳೆದು ತೆಗೆಯಬೇಕಿತ್ತು, ಬಚ್ಚಿಡಲು ಜಾಗ ಕಾಣಲಿಲ್ಲ. ಬೆರಳು ತಾನಾಗಿ ಅದರ ಅಂಚನ್ನು ಒಳಕ್ಕೆ ತುರುಕಿತು. ಅಪ್ಪ ಪ್ರಾಣ ಹೋಗುವಾಗ ಹೊರಗೆಳೆದಷ್ಟನ್ನೂ ಅವಳು ವಾಪಸ್ಸು ತುರುಕಿದಳು.

"ನಿದ್ದೆ ಮಾಡ್ತಿದ್ದಾರಾ?" ಎಂದು ಕೇಳುತ್ತಲೇ ಅಮ್ಮ ಒಳಗೆ ಬಂದಳು.

"ಹೂಂ," ಎಂದಿದ್ದಳು ಮಗಳು. ಆ ಹೂಂ ಒಂದರಿಂದಲೇ ಉಳಿದದ್ದೆಲ್ಲ ಹುಟ್ಟಿತು.

*

ಗಾಡಿ ಬಂತು. ಅಪ್ಪನನ್ನು ಎತ್ತಿ ಹೊರಗೆ ತಂದರು. ಕರೆಂಟಿನವನು ತಲೆಯ ಕಡೆ ಹಿಡಿದಿದ್ದ, "ನಿಧಾನ, ನಿಧಾನ, ಮಾಮನ ಎದೆ ಹೊಲಿಗೆ," ಎಂದುಬಿಟ್ಟು, ತಾನು ಏನು ಹೇಳಿದೆನೆಂದು ಗೊತ್ತಾಗಿ ತುಟಿ ಕಚ್ಚಿಕೊಂಡ. ಯಾರೂ ನಗಲಿಲ್ಲ.

ಬೀದಿಯ ಎರಡೂ ಕಡೆ ಜನ ನಿಂತಿದ್ದರು. ತಲೆ ನರೆತವರು, ಮಕ್ಕಳನ್ನು ಎತ್ತಿಕೊಂಡವರು. ಇಷ್ಟು ಜನರನ್ನು ಈ ಮನುಷ್ಯ ದಿನಾ ಮನೆಗೆ ಕಳಿಸುತ್ತಿದ್ದ ಎಂದು ನೋಡದೆ ನಂಬುವುದು ಕಷ್ಟ. ಹೆಡ್‌ಮಾಸ್ತರು ಕೋಲೂರಿ ಗಾಡಿಯ ಪಕ್ಕದಲ್ಲಿ ನಿಂತು ಅಮ್ಮನ ಕಡೆ ತಲೆಯಾಡಿಸಿದರು.

ಅಮ್ಮ ಹೊಸ್ತಿಲಲ್ಲಿದ್ದಳು. ಶಾಲಿನೊಳಗಿಂದ ಗಂಟೆ ತೆಗೆದಳು. ಬಾಯಿ ಕೆಳಗೆ ಮಾಡಿ, ನಾಲಿಗೆ ಆಡದಂತೆ ಒಳಗೆ ಬೆರಳಿಟ್ಟು ಹಿಡಿದು ಮಗಳಿಗೆ ಚಾಚಿದಳು.

"ತಗೋ."

"ಅಮ್ಮ, ನಂಗಾಗಲ್ಲ." ಮಗಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಹೇಳಿಬಿಡಬೇಕು. ಇಲ್ಲೇ, ಎಲ್ಲರ ಮುಂದೆ. "ಅಮ್ಮ, ಅದು ಸದ್ದು ಮಾಡಲ್ಲ. ಅದರಲ್ಲಿ... ನಾನು ನಿನ್ನೆ..."

"ಬಾರಿಸೇ," ಎಂದಳು ಅಮ್ಮ. ಅವಳ ಸ್ವರದಲ್ಲಿ ಅಳು ಇರಲಿಲ್ಲ, ಕೋಪವೂ ಇರಲಿಲ್ಲ. "ಜನ ಕಾಯ್ತಿದ್ದಾರೆ. ಬಾರಿಸು."

ಗಂಟೆ ಮಗಳ ಕೈಗೆ ಬಂತು. ಹಿಡಿ ಬೆಚ್ಚಗಿತ್ತು. ಅವಳು ಕಣ್ಣು ಮುಚ್ಚಿಕೊಂಡು, ಆಗುವುದೆಲ್ಲ ಆಗಲಿ ಎಂದು ಕೈ ಎತ್ತಿ ಆಡಿಸಿದಳು.

ಗಂಟೆ ಹೊಡೆಯಿತು.

ಅವಳ ಕೈಯಿಂದ ಅದು ಬೀಳುವುದರಲ್ಲಿತ್ತು. ಮತ್ತೆ ಆಡಿಸಿದಳು. ಖಣಖಣ ಎಂದು ಸ್ವಚ್ಛವಾಗಿ, ಕಿವಿ ತೂತು ಬೀಳುವಂತೆ ಹೊಡೆಯಿತು. ಗಾಡಿ ಹೊರಟಿತು, ಅವಳು ಹಿಂದೆ ನಡೆಯುತ್ತಾ ಬಾರಿಸಿದಳು. ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ಯಾರೋ ಕಿಟಕಿ ತೆರೆದು ಇಣುಕಿದರು. ಒಬ್ಬ ಮುದುಕ ಮುಖ ಮುಚ್ಚಿಕೊಂಡು ಅತ್ತ. ಹೆಡ್‌ಮಾಸ್ತರು ತಲೆ ಬಗ್ಗಿಸಿ ನಿಂತಿದ್ದರು.

"ನೋಡಿ ಸಾರ್, ಎಷ್ಟು ದೂರ ಕೇಳತ್ತೆ!" ಎಂದ ಕರೆಂಟಿನವನು ಕೆನ್ನೆ ಒರೆಸಿಕೊಳ್ಳುತ್ತಾ. "ನಾನು ಹಾಕಿದ್ದು ಇದರ ಮುಂದೆ ಏನೂ ಅಲ್ಲ. ಇದನ್ನ ಬಾರಿಸಿದ್ರೆ ಸತ್ತವರೂ ಎದ್ದು ಬರ್ಬೇಕು."

ಮಗಳು ಬಾರಿಸುತ್ತಲೇ ಇದ್ದಳು. ಪಕ್ಕದ ಕೋಣೆ ಎಷ್ಟು ಹತ್ತಿರ. ನಡುವೆ ಒಂದು ತೆಳ್ಳನೆಯ ಗೋಡೆ, ಒಂದು ತೆರೆದ ಬಾಗಿಲು. ಎಷ್ಟು ನಿದ್ದೆಯಲ್ಲಿದ್ದರೂ ಎದ್ದೇ ಏಳುತ್ತಿದ್ದಳು. ಬೈದುಕೊಂಡಾದರೂ ಎದ್ದು ಬರುತ್ತಿದ್ದಳು. ತಿರುವಿನಲ್ಲಿ ಅವಳ ಕೈ ಸೋತಿತು. ಹಿಂತಿರುಗಿ ನೋಡಿದಳು. ಹೊಸ್ತಿಲಲ್ಲಿ ಅಮ್ಮ ಇರಲಿಲ್ಲ.

*

ಮಣ್ಣು ಮುಗಿಸಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಜನ ಹೋಗಿದ್ದರು. ಅತ್ತೆ ಕುರ್ಚಿಗಳನ್ನು ಮಡಚುತ್ತಿದ್ದಳು.

"ಬಂದ್ಯಾ? ಕೈಕಾಲು ತೊಳ್ಕೋ ಹೋಗು," ಎಂದಳು. "ನಿಮ್ಮಮ್ಮನಿಗೆ ಸ್ವಲ್ಪ ಹೇಳು ಮಾರಾಯ್ತಿ. ಗಾಡಿ ಹೋಗಿದ್ದೇ ತಡ, ಬಟ್ಟೆ ಒಗೆಯೋಕೆ ಕೂತ್ಲು. ಇವತ್ತು ಯಾಕೆ ಅತ್ತಿಗೆ, ನಾನು ಒಗೀತೀನಿ ಬಿಡಿ ಅಂದ್ರೆ ಮುಟ್ಟೋಕೂ ಬಿಡ್ಲಿಲ್ಲ. ಒಂದು ಚಿಂದಿಯಷ್ಟು ಬಟ್ಟೆ ಇಟ್ಕೊಂಡು ಅದನ್ನೇ ಉಜ್ಜಿದ್ದು ಉಜ್ಜಿದ್ದೇ."

ಮಗಳು ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಬಾಗಿಲಿಗೆ ಬಂದಳು.

ಹಿತ್ತಲಿನ ತಂತಿಯ ಮೇಲೆ ಅಪ್ಪನ ಅಂಗಿಗಳ ಪಕ್ಕ ಅವಳ ಬಿಳಿ ಟೋಪಿ ನೇತಾಡುತ್ತಿತ್ತು, ಎರಡು ಕ್ಲಿಪ್ ಹಾಕಿ ಅಗಲಕ್ಕೆ ಬಿಡಿಸಿದ್ದು. ಹಿತ್ತಾಳೆ ತಾಗಿದ ಹಸಿರು ಕಲೆ ಎಷ್ಟು ಉಜ್ಜಿದರೂ ಪೂರ್ತಿ ಹೋಗಿರಲಿಲ್ಲ. ಅದರ ಕೆಳಗೆ, ಒಗೆಯುವ ಕಲ್ಲಿನ ಮೇಲೆ ಅಮ್ಮ ಕೂತಿದ್ದಳು. ಬೆರಳುಗಳು ನೀರಿಗೆ ಸುಕ್ಕುಗಟ್ಟಿ ಬಿಳಿಚಿದ್ದವು.

"ಅಮ್ಮ..."

ಅಮ್ಮ ತಿರುಗಲಿಲ್ಲ. "ಬೆಳಿಗ್ಗೆಗೆ ಒಣಗತ್ತೆ," ಎಂದಳು. ಬೆರಳುಗಳನ್ನು ಶಾಲಿಗೆ ಒರೆಸಿಕೊಂಡು, "ನಾನೇ ಹೇಳಿದ್ದಲ್ವಾ," ಎಂದಳು.

ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದೇ ಹನಿ ಅಮ್ಮನ ಭುಜದ ಮೇಲೆ ಬೀಳುತ್ತಿತ್ತು, ಶಾಲು ಅಷ್ಟಗಲ ನೆನೆದು ಕಪ್ಪಾಗಿತ್ತು. ಅಮ್ಮ ಅಲ್ಲಿಂದ ಸರಿದು ಕೂರಲಿಲ್ಲ. ಮಗಳು ಗಂಟೆಯ ಒಳಗೆ ಬೆರಳಿಟ್ಟು, ನಾಲಿಗೆ ಆಡದಂತೆ ಹಿಡಿದುಕೊಂಡು, ಹೋಗಿ ಅವಳ ಪಕ್ಕದಲ್ಲಿ ಕೂತಳು.